ತಮ್ಮನಿಗೆ "ಕೆಲಸ ಕೊಡಿಸ್ತೀನಿ, ಬಂದ್ಬಿಡು" ಅಂತಿರೋ ಆನ್‌ಲೈನ್ ಅಣ್ಣ, ಮನೇಲಿ ಹೇಳೋ ಹಾಗಿಲ್ಲ, ಏನ್ ಮಾಡ್ಲಿ?

ನಿದ್ದೆಬಾರದ_ಅಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬರೀಲೋ ಬೇಡ್ವೋ ಅಂತ ಎರಡು ದಿನ ಒದ್ದಾಡಿ ಕೊನೆಗೆ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ ತಮ್ಮನಿಗೆ 16 ವರ್ಷ. ಹೋದ ವರ್ಷ ನನ್ ಹತ್ರ ಮಾತ್ರ ಹೇಳ್ಕೊಂಡ, ಅಕ್ಕಾ ನಂಗೆ ಹುಡುಗೀರ ಮೇಲೆ ಆ ಥರ ಮನಸ್ಸು ಬರಲ್ಲ, ಹುಡುಗರೇ ಇಷ್ಟ ಆಗ್ತಾರೆ ಅಂತ. ಹೇಳೋವಾಗ ಕೈ ನಡುಗ್ತಿತ್ತು ಪಾಪ. ತಬ್ಕೊಂಡು ಅದಕ್ಯಾಕೋ ಅಳ್ತೀಯಾ ಅಂದೆ. ಆದ್ರೆ ಅಪ್ಪಂಗೆ ಗೊತ್ತಾದ್ರೆ ಮನೆಯಿಂದ ಆಚೆ ಹಾಕ್ತಾರೆ, ಅದು ನಮ್ಮಿಬ್ರಿಗೂ ಗೊತ್ತು, ಸುಮ್ಸುಮ್ನೆ ಭಯ ಅಲ್ಲ ಇದು, ಟಿವಿಲಿ ಇಂಥ ಸುದ್ದಿ ಬಂದಾಗೆಲ್ಲ ಅಪ್ಪ ಏನಂದಿದಾರೆ ಅಂತ ಕಿವಿಯಾರೆ ಕೇಳ್ಕೊಂಡೇ ಬೆಳೆದಿದೀವಿ.

ಮೂರು ತಿಂಗಳ ಹಿಂದೆ ಒಂದು ಆ್ಯಪ್‌ನಲ್ಲಿ ಇವನಿಗೆ ಯಾರೋ ಪರಿಚಯ ಆಗಿದಾನೆ. ವಯಸ್ಸು 24 ಅಂತೆ. ಶುರುನಲ್ಲಿ ಬರೀ ಮಾತು, ನಿನ್ನ ಕಷ್ಟ ನಿಮ್ ಮನೆಯವರಿಗೆಲ್ಲಿ ಅರ್ಥ ಆಗುತ್ತೆ, ನಂಗೆ ಮಾತ್ರ ಆಗೋದು ಅನ್ನೋ ಥರ. ಆಮೇಲೆ ರೀಚಾರ್ಜ್ ಮಾಡ್ಸಿದಾನೆ, ಆಮೇಲೆ ಇಯರ್‌ಫೋನ್, ಆಮೇಲೆ ಇನ್ನೊಂದು ಫೋನೇ ಕೊಟ್ಟಿದಾನೆ, ಹೊದಿಕೆ ಒಗೆಯೋಕೆ ಹಾಕೋಣ ಅಂತ ತೆಗೆದಾಗ ದಿಂಬಿನ ಕವರ್ ಒಳಗೆ ನಂಗೆ ಸಿಕ್ಕಿದ್ದು ಅದು. ಕೇಳಿದ್ರೆ "ಅಣ್ಣ ಕೊಟ್ಟಿದ್ದು" ಅಂದ. ಯಾವ ಅಣ್ಣಾನೋ ಅಂದಾಗ ಒಂದೊಂದಾಗಿ ಎಲ್ಲ ಬಾಯಿಬಿಟ್ಟ.

ಬೇರೆ ಊರಲ್ಲಿ ಮಾಡೆಲಿಂಗ್ ಕೆಲಸ ಇದೆಯಂತೆ, ಆ ಮನುಷ್ಯನ ರೂಮಲ್ಲೇ ಇರ್ಬಹುದಂತೆ, ಯಾರಾದ್ರೂ ಕೇಳಿದ್ರೆ 18 ಆಗಿದೆ ಅಂತ ಹೇಳಿದ್ರೆ ಸಾಕಂತೆ, ಐಡಿ ಕಾರ್ಡ್ ಅವನೇ ಮಾಡಿಸ್ಕೊಡ್ತಾನಂತೆ. ತಿಂಗಳ ಕೊನೆಗೆ ಟಿಕೆಟ್ಟೂ ಆಗಿದೆ. ನಡುವೆ ಇವನ ಹತ್ರ ಕೆಲವು ಫೋಟೋ ಕೇಳಿ ತರಿಸ್ಕೊಂಡಿದಾನೆ, ಎಂಥ ಫೋಟೋ ಅಂತ ನಾನ್ ಹೇಳಬೇಕಾಗಿಲ್ಲ. ಹೋದ ವಾರ ತಮ್ಮ ನಂಗೆ ಭಯ ಆಗ್ತಿದೆ ಬರಲ್ಲ ಅಂತ ಮೆಸೇಜ್ ಹಾಕಿದ್ನಂತೆ, ಅದಕ್ಕೆ ಬಂದಿರೋ ಉತ್ತರ ನಾನೇ ನೋಡ್ದೆ: "ಸರಿ ಬಿಡು, ನಿಮ್ಮಪ್ಪನ ನಂಬರ್ ನನ್ ಹತ್ರ ಇದೆ ಅಲ್ವಾ", ಅದರ ಪಕ್ಕ ಒಂದು ನಗೋ ಎಮೋಜಿ. ಆ ನಗು ಕಣ್ಮುಂದೆ ಬಂದ್ರೆ ರಾತ್ರಿ ನಿದ್ದೆ ಹತ್ತಲ್ಲ ನಂಗೆ.

ಇದನ್ನ ಟ್ರಾಫಿಕಿಂಗ್, ಅಂದ್ರೆ ಮಾನವ ಕಳ್ಳಸಾಗಣೆ ಅಂತಾರಾ? ಯಾರೂ ಕಿಡ್ನ್ಯಾಪ್ ಮಾಡಿಲ್ಲ, ಇವನೇ ಒಪ್ಪಿ ಹೊರಟಿದ್ದು. ಪೊಲೀಸರ ಹತ್ರ ಹೋದ್ರೆ ಮನೇಲಿ ಗೊತ್ತಾಗುತ್ತೆ. ಫೋನ್ ಕಿತ್ಕೊಂಡ್ರೆ ನನ್ ಹತ್ರಾನೂ ಮಾತು ಬಿಡ್ತಾನೆ. ಯಾರಿಗಾದ್ರೂ ಇಂಥದ್ರ ಬಗ್ಗೆ ಗೊತ್ತಿದ್ರೆ ಹೇಳಿ ಪ್ಲೀಸ್.

---

ಹಳೇ_ವಾರ್ಡನ್:

ಅಕ್ಕಾ, ನಾನು ಮನೆಬಿಟ್ಟು ಬಂದ ಹುಡುಗ ಹುಡುಗೀರ ಶೆಲ್ಟರ್‌ನಲ್ಲಿ 11 ವರ್ಷ ಕೆಲಸ ಮಾಡಿದೀನಿ. ನೀವು ಬರ್ದಿರೋದನ್ನ ಓದ್ತಾ ಇದ್ರೆ ಮುಂದಿನ ಸಾಲು ಏನಿರುತ್ತೆ ಅಂತ ನಂಗೆ ಮೊದ್ಲೇ ಗೊತ್ತಾಗ್ತಿತ್ತು, ಅಷ್ಟು ಸಲ ಕೇಳಿದೀನಿ ಈ ಕಥೆನ. ಮಾತು, ಆಮೇಲೆ ಉಡುಗೊರೆ, ಆಮೇಲೆ ಗುಟ್ಟಾಗಿ ಇನ್ನೊಂದು ಫೋನ್, ಆಮೇಲೆ ಫೋಟೋ, ಆಮೇಲೆ ಟಿಕೆಟ್.

ಟ್ರಾಫಿಕಿಂಗಾ ಅಂತ ಕೇಳಿದ್ರಿ. ವಿಶ್ವಸಂಸ್ಥೆ 2000ದಲ್ಲಿ ಮಾಡಿದ ಪಾಲೆರ್ಮೋ ಪ್ರೋಟೋಕಾಲ್ ಅಂತ ಒಂದಿದೆ, ಪ್ರಪಂಚದ ಬಹುಪಾಲು ದೇಶಗಳು ಒಪ್ಪಿರೋದು. ಅದ್ರಲ್ಲಿ 18 ತುಂಬದವರನ್ನ ಶೋಷಣೆ ಮಾಡೋ ಉದ್ದೇಶದಿಂದ ಕರೆಸ್ಕೊಂಡ್ರೆ, ಸಾಗಿಸಿದ್ರೆ, ಇರೋಕೆ ಜಾಗ ಕೊಟ್ರೆ ಅದು ಕಳ್ಳಸಾಗಣೆನೇ. ಬಲವಂತ ಆಗಿರ್ಬೇಕು, ಮೋಸ ಆಗಿರ್ಬೇಕು ಅಂತೇನೂ ಇಲ್ಲ. ಹುಡುಗ ಒಪ್ಪಿದ್ದ ಅನ್ನೋದು ಲೆಕ್ಕಕ್ಕೇ ಬರಲ್ಲ. ಕೋಣೇಲಿ ಕೂಡಿಹಾಕಿ ಸರಪಳಿ ಹಾಕಿದ್ರೆ ಮಾತ್ರ ಟ್ರಾಫಿಕಿಂಗ್ ಅಂತ ಜನ ಅಂದ್ಕೊಂಡಿದಾರೆ, ನಾನು ನೋಡಿದ ಮಕ್ಕಳಲ್ಲಿ ಹೆಚ್ಚಿನವರು ತಾವೇ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊರಟವರು. ನಿಮ್ಮ ತಮ್ಮನ ವಿಷಯದಲ್ಲಿ ಆ ಮನುಷ್ಯನ ಉದ್ದೇಶ ಏನು ಅಂತ ನಾನು ನೋಡಿಲ್ಲ, ಆದ್ರೆ ವಯಸ್ಸು ಸುಳ್ಳು ಹೇಳು ಅಂತ ಕಲಿಸೋನು, ಫೋಟೋ ಇಟ್ಕೊಂಡು ಹೆದರಿಸೋನು ಕೆಲಸ ಕೊಡ್ಸೋಕೆ ಕರೀತಿಲ್ಲ.

ಹುಡುಗರಿಗೆ ಹೀಗಾಗಲ್ಲ ಅನ್ನೋದೂ ತಪ್ಪು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಕೊಟ್ಟ ಅಂದಾಜಿನಲ್ಲಿ ಬಲವಂತದ ವಾಣಿಜ್ಯ ಲೈಂಗಿಕ ಶೋಷಣೆಯಲ್ಲಿ ಸಿಕ್ಕಿಕೊಂಡವರು ಸುಮಾರು 63 ಲಕ್ಷ ಜನ, ಅದ್ರಲ್ಲಿ ಸುಮಾರು 17 ಲಕ್ಷ ಮಕ್ಕಳು. ಐದರಲ್ಲಿ ನಾಲ್ಕು ಪಾಲು ಹೆಣ್ಣುಮಕ್ಕಳು, ಸರಿ, ಉಳಿದ ಒಂದು ಪಾಲು ಯಾರು? ಆ ಒಂದು ಪಾಲಿಗೆ ಹಾಸಿಗೆ ಕೊಡೋ ಶೆಲ್ಟರ್ ಹುಡುಕಿ ನೋಡಿ, ಸಿಗೋದು ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ.

ಎಲ್‌ಜಿಬಿಟಿಕ್ಯೂ ಮಕ್ಕಳೇ (ಸಲಿಂಗಿ, ಟ್ರಾನ್ಸ್ ಥರದ ಮಕ್ಕಳು) ಯಾಕೆ ಜಾಸ್ತಿ ಸಿಗ್ತಾರೆ ಅಂದ್ರೆ, ಮನೆ ಬಾಗಿಲು ಮುಚ್ಚಿರುತ್ತೆ, ಅಷ್ಟೇ. 2017ರಲ್ಲಿ ಅಮೆರಿಕ, ಕೆನಡಾದ 10 ನಗರಗಳಲ್ಲಿ ಮನೆ ಇಲ್ಲದ 641 ಯುವಜನರನ್ನ ಕೂರಿಸಿ ಮಾತಾಡಿಸಿದ ಒಂದು ಅಧ್ಯಯನ ಆಗಿತ್ತು, ಸುಮಾರು ಐದರಲ್ಲಿ ಒಬ್ಬರು ಲೈಂಗಿಕ ಶೋಷಣೆಗೋ ದುಡಿಮೆಗೋ ಟ್ರಾಫಿಕಿಂಗ್‌ಗೆ ಸಿಕ್ಕಿದ್ರು, ಅದ್ರಲ್ಲಿ ಲೈಂಗಿಕ ಶೋಷಣೆ ಎಲ್‌ಜಿಬಿಟಿಕ್ಯೂ ಮಕ್ಕಳಲ್ಲಿ ಉಳಿದವರಿಗಿಂತ ಸುಮಾರು ದುಪ್ಪಟ್ಟು. ಆ ಮಕ್ಕಳ ಸ್ವಭಾವದಲ್ಲಿ ಏನೋ ಇದೆ ಅಂತ ದಯವಿಟ್ಟು ಯಾರೂ ಓದ್ಬೇಡಿ. ರಾತ್ರಿ ಮಲಗೋಕೆ ಜಾಗ ಇಲ್ಲದವನಿಗೆ ಜಾಗ ಕೊಡ್ತೀನಿ ಅಂದವನು ದೇವರ ಥರ ಕಾಣ್ತಾನೆ.

ಅದಕ್ಕೇ ಹೇಳ್ತಿರೋದು, ಫೋನ್ ಕಿತ್ಕೋಬೇಡಿ, ಬಯ್ಬೇಡಿ. ಮೊದಲು ತಮ್ಮನಿಗೆ ಇದೊಂದು ಮಾತು ಹೇಳಿ: "ನಾಳೆ ಅಪ್ಪಂಗೆ ಗೊತ್ತಾದ್ರೂ ನಿಂಗೆ ಇರೋಕೆ ಜಾಗ ಇದೆ." ಹೇಳೋಕೆ ಮುಂಚೆ ಆ ಜಾಗ ನಿಜವಾಗ್ಲೂ ಹುಡುಕಿಡಿ. ಚಿಕ್ಕಮ್ಮನೋ, ನಿಮ್ಮ ಸ್ನೇಹಿತೆ ಮನೆಯೋ, ಯಾರೋ ಒಬ್ರು. ಆ ಮನುಷ್ಯ ಹೆದರಿಸ್ತಿರೋದು ಬರೀ ಫೋಟೋ ಇಟ್ಕೊಂಡಲ್ಲ, ನಿಮ್ಮ ಮನೆ ಬಾಗಿಲನ್ನ ಇಟ್ಕೊಂಡು. ಇನ್ನೊಂದು ಬಾಗಿಲು ಇದೆ ಅಂತ ಹುಡುಗನಿಗೆ ಗೊತ್ತಾದ ಕ್ಷಣ ಅವನ ಹಿಡಿತ ಅರ್ಧ ಸಡಿಲ ಆಗುತ್ತೆ.

---

ನೇರಮಾತು:

ಬೇಜಾರು ಮಾಡ್ಕೋಬೇಡಿ, ನಾನೂ ಇಬ್ರು ಮಕ್ಕಳ ತಂದೆ. 16 ವರ್ಷದ ಹುಡುಗನ ವಿಷಯ ಹೆತ್ತವರಿಂದ ಮುಚ್ಚಿಡೋದು ಸರಿಯಲ್ಲ. ನಾಳೆ ಹುಡುಗ ಬಸ್ ಹತ್ತಿ ಹೋಗ್ಬಿಟ್ರೆ ಅಕ್ಕ ಒಬ್ಬಳೇ ಏನ್ ಮಾಡ್ತಾಳೆ? ಅಪ್ಪ ಎರಡು ದಿನ ಕೂಗಾಡ್ಬಹುದು, ಆಮೇಲೆ ಸರಿಹೋಗ್ತಾರೆ, ಹೆತ್ತ ಕರುಳು ಅಲ್ವಾ. ಬೇಕಾದ್ರೆ ಒಳ್ಳೆ ಡಾಕ್ಟರಿಗೂ ತೋರಿಸ್ಬಹುದು. ಮೊದ್ಲು ಮನೇಲಿ ಹೇಳಿ, ಆಮೇಲೆ ಪೊಲೀಸ್.

---

ಹೊಸಹೆಸರು:

ನೇರಮಾತು ಅಣ್ಣ, ನೀವು ಒಳ್ಳೆ ಮನಸ್ಸಿಂದಲೇ ಹೇಳಿದೀರ ಅಂತ ಗೊತ್ತು. ಆದ್ರೆ ನಿಮ್ಮ ಮಾತು ಓದಿ ಕೈಕಾಲು ತಣ್ಣಗಾಯ್ತು ನಂಗೆ, ಯಾಕಂದ್ರೆ ನನ್ ವಿಷಯದಲ್ಲಿ ಹಾಗೇ ಮಾಡಿದ್ರು.

ನಾನು ಟ್ರಾನ್ಸ್ ಹೆಣ್ಣು, ಅಂದ್ರೆ ಹುಟ್ಟಿದಾಗ ಗಂಡು ಅಂದ್ರು, ಆದ್ರೆ ನಾನು ಹೆಣ್ಣು. ಸ್ಕೂಲಲ್ಲಿ ಒಬ್ಬ ಟೀಚರ್ ನನ್ನ ಡೈರಿ ಓದಿ ನಿಮ್ ಒಳ್ಳೇದಕ್ಕೇ ಅಂತ ಮನೆಗೆ ಫೋನ್ ಮಾಡಿದ್ರು. ಎರಡು ದಿನ ಕೂಗಾಟ ಅಲ್ಲ ಅಣ್ಣ, ಮೂರನೇ ದಿನಕ್ಕೆ ನಾನು ಬೀದೀಲಿದ್ದೆ, 17 ವರ್ಷ, ಸ್ಕೂಲ್ ಬ್ಯಾಗಲ್ಲಿ ಪುಸ್ತಕ ತೆಗೆದು ಎರಡು ಜೊತೆ ಬಟ್ಟೆ ತುರುಕ್ಕೊಂಡು. ಎರಡು ರಾತ್ರಿ ಬಸ್ ಸ್ಟ್ಯಾಂಡಲ್ಲಿ ಕಳೆದೆ. ಮೂರನೇ ರಾತ್ರಿ ಒಬ್ಬ ಹೆಂಗಸು ಪಕ್ಕ ಬಂದು ಕೂತು ಹೆಸರೇನಮ್ಮಾ ಅಂತ ಕೇಳಿದ್ಲು. ನನಗೆ ನಾನೇ ಮನಸ್ಸಲ್ಲಿ ಇಟ್ಕೊಂಡಿದ್ದ ಹೆಸರು ಹೇಳ್ದೆ, ಅಲ್ಲೀವರೆಗೂ ಬಾಯಿಬಿಟ್ಟು ಯಾರಿಗೂ ಹೇಳಿರ್ಲಿಲ್ಲ. ಅವಳು ಅದೇ ಹೆಸರಲ್ಲಿ ಕರೆದು ಊಟ ಮಾಡಿದ್ಯಾ ಅಂದ್ಲು. ನನ್ನನ್ನ ಆ ಹೆಸರಲ್ಲಿ ಮೊಟ್ಟಮೊದಲು ಕರೆದವರೇ ನನ್ನನ್ನ ಮಾರಿದ್ದು. ಈ ಮಾತು ಬರೆಯೋಕೆ ನಂಗೆ ಎಷ್ಟು ವರ್ಷ ಹಿಡೀತು ಅಂತ ನಿಮಗೆ ಗೊತ್ತಿಲ್ಲ.

ಅಲ್ಲಿ ಒಂದು ನೋಟ್‌ಬುಕ್ ಇತ್ತು, ನೀಲಿ ರಟ್ಟಿಂದು. ಪ್ರತಿಯೊಬ್ಬರಿಗೂ ಒಂದೊಂದು ಪುಟ. ಹಾಸಿಗೆ ಬಾಡಿಗೆ, ಊಟ, ಬಟ್ಟೆ, ಸೋಪು, ಆಮೇಲೆ ನನ್ನಂಥವರಿಗೆ ಹಾರ್ಮೋನ್ ಮಾತ್ರೆ, ಡಾಕ್ಟರ್ ಇಲ್ಲ ಚೀಟಿ ಇಲ್ಲ, ಸುಮ್ನೆ ತಂದ್ಕೊಡೋರು, ಅದನ್ನೂ ಸಾಲ ಅಂತ ಬರ್ಕೊಳ್ಳೋರು. ಎಷ್ಟು ದುಡಿದ್ರೂ ಆ ಪುಟದ ಕೊನೇ ಸಾಲು ಕಮ್ಮಿ ಆಗ್ತಾನೇ ಇರ್ಲಿಲ್ಲ. ಬಾಗಿಲಿಗೆ ಬೀಗ ಇರ್ಲಿಲ್ಲ ಗೊತ್ತಾ. ಆ ನೋಟ್‌ಬುಕ್ಕೇ ಬೀಗ. ಅದರ ಜೊತೆ ಇನ್ನೊಂದು, ನೀನು ಹೊರಗೆ ಹೋದ್ರೆ ನಿನ್ನ ಯಾರು ಸೇರಿಸ್ಕೋತಾರೆ ಅನ್ನೋ ಮಾತು, ಅದು ನಿಜಾನೇ ಆಗಿತ್ತು ಆಗ. ಒಂದ್ಸಲ ಪೊಲೀಸರು ಬಂದ್ರು, ನನ್ನನ್ನೇ ತಪ್ಪಿತಸ್ಥೆ ಅಂತ ಹಿಡ್ಕೊಂಡು ಹೋದ್ರು, ನಿನ್ ವಯಸ್ಸೆಷ್ಟು ಅಂತ ಒಬ್ರೂ ಕೇಳ್ಲಿಲ್ಲ. ಬಿಟ್ಮೇಲೆ ಹೋಗೋಕೆ ಬೇರೆ ಜಾಗ ಇಲ್ಲದೆ ನಾನಾಗೇ ವಾಪಸ್ ಅಲ್ಲಿಗೇ ಹೋದೆ.

ಆಚೆ ಬಂದಿದ್ದು ಒಬ್ಬ ನರ್ಸ್‌ನಿಂದ. ಜ್ವರ ಅಂತ ಹೋಗಿದ್ದೆ. ಅವರು ಏನ್ ಕೆಲಸ ಮಾಡ್ತೀಯಾ, ಯಾಕಿಂಗಾದೆ ಅಂತ ಏನೂ ಕೇಳ್ಲಿಲ್ಲ, "ಇವತ್ತು ರಾತ್ರಿ ಎಲ್ಲಿ ಮಲಗ್ತೀಯಾ?" ಅಂತ ಕೇಳಿದ್ರು. ಅಷ್ಟೇ ಪ್ರಶ್ನೆ. ಹತ್ತು ನಿಮಿಷ ಅಳ್ತಾ ಕೂತಿದ್ದೆ. ಮೊದಲ ಎರಡು ಶೆಲ್ಟರ್‌ಗಳಲ್ಲಿ ಹುಡುಗರ ಕಡೆ ಹೋಗು ಅಂದ್ರು, ಹುಡುಗರ ಕಡೆ ಹೋದ್ರೆ ಏನಾಗುತ್ತೆ ಅಂತ ನಂಗೊತ್ತು, ಒಲ್ಲೆ ಅಂದೆ. ಕೊನೆಗೆ ನಮ್ಮ ಸಮುದಾಯದವರೇ ನಡೆಸೋ ಒಂದು ಮನೇಲಿ ಜಾಗ ಸಿಕ್ತು.

ಅದಕ್ಕೇ ಅಣ್ಣ, ಹೇಳೋದು ಬಿಡೋದು ಹುಡುಗನ ಕೈಯಲ್ಲಿರ್ಲಿ. ಅವನನ್ನ ಕೇಳದೆ ಅವನ ವಿಷಯ ಮನೇಲಿ ಹೇಳಿದ್ರೆ, ಆ ಮನುಷ್ಯ ಮಾಡ್ತೀನಿ ಅಂತ ಹೆದರಿಸ್ತಿರೋ ಕೆಲಸಾನೇ ನಾವು ಮಾಡಿಕೊಟ್ಟ ಹಾಗಾಯ್ತು. ಡಾಕ್ಟರಿಗೆ ತೋರಿಸೋ ಮಾತೂ ಬೇಡ. ಒಂದೇ ಲಿಂಗದವರನ್ನ ಇಷ್ಟಪಡೋದು ಕಾಯಿಲೆ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ಕ್ಕೇ ಪಟ್ಟಿಯಿಂದ ತೆಗೆದಿದೆ. "ಸರಿಮಾಡ್ತೀವಿ" ಅಂತ ದುಡ್ಡು ಕೀಳೋರಿದಾರಲ್ಲ, ಅದೂ ಈ ಮಕ್ಕಳನ್ನ ಇಟ್ಕೊಂಡು ಮಾಡೋ ವ್ಯಾಪಾರಾನೇ, ಅಲ್ಲಿಂದ ತಪ್ಪಿಸ್ಕೊಂಡು ಓಡಿದ ಮಕ್ಕಳು ಎಲ್ಲಿಗೆ ಬಂದು ಬೀಳ್ತಾರೆ ಅಂತ ನಾನು ನೋಡಿದೀನಿ.

---

ನೇರಮಾತು:

ತಾಯಿ, ಕ್ಷಮಿಸಿ. ನನ್ನ ಮನೆ ಥರಾನೇ ಎಲ್ಲರ ಮನೆ ಅಂದ್ಕೊಂಡು ಬರೆದೆ. ಡಾಕ್ಟರ್ ಮಾತು ವಾಪಸ್ ತಗೋತೀನಿ. ಆದ್ರೆ ಪೊಲೀಸ್ ಬೇಡವೇ ಬೇಡ ಅಂತೀರಾ? ಅವನು ಇನ್ನೆಷ್ಟು ಮಕ್ಕಳಿಗೆ ಹೀಗೆ ಮಾಡ್ತಿದಾನೋ.

---

ಹಳೇ_ವಾರ್ಡನ್:

ದೂರು ಬೇಕೇ ಬೇಕು ಸಾರ್, ಆದ್ರೆ ಯಾವ ದಾರೀಲಿ ಅನ್ನೋದು ಮುಖ್ಯ. ಮೊದ್ಲು ಮಕ್ಕಳ ಸಹಾಯವಾಣಿಗೆ ಹೆಸರು ಹೇಳದೆ ಫೋನ್ ಮಾಡಿ ಕೇಳ್ಬಹುದು, ನಿಮ್ಮಲ್ಲಿ ಪ್ರಕ್ರಿಯೆ ಏನು, ಮನೆಯವರನ್ನ ಯಾವಾಗ ಕರೀತಾರೆ, ಅಪ್ಪನ ಬದಲು ಬೇರೆ ದೊಡ್ಡವರು ಜೊತೆಗಿದ್ರೆ ಆಗುತ್ತಾ ಅಂತೆಲ್ಲ. ಅಪ್ರಾಪ್ತ ಅಂದ್ಮೇಲೆ ಮನೆಯವರನ್ನ ಕೇಳೋ ಸಾಧ್ಯತೆ ಇದ್ದೇ ಇರುತ್ತೆ, ಸುಳ್ಳು ಭರವಸೆ ಕೊಡಲ್ಲ ನಾನು. ಆದ್ರೆ ದೂರಿನ ವಿಷಯ ಏನು? ದೊಡ್ಡವನೊಬ್ಬ ಹುಡುಗನ ಹತ್ರ ಫೋಟೋ ತಗೊಂಡು ಬೆದರಿಸ್ತಿದಾನೆ, ಸುಳ್ಳು ವಯಸ್ಸಿನ ಐಡಿ ಕೊಟ್ಟು ಸಾಗಿಸೋಕೆ ನೋಡ್ತಿದಾನೆ. ಅಷ್ಟೇ. ಹುಡುಗನಿಗೆ ಯಾರು ಇಷ್ಟ ಅನ್ನೋದು ಆ ದೂರಿನ ಭಾಗವೇ ಅಲ್ಲ, ಅದನ್ನ ಬರೆಯೋ ಅಗತ್ಯ ಇಲ್ಲ ಅಂತ ಜೊತೆಗೆ ಹೋಗೋ ವಕೀಲರೋ ಮಕ್ಕಳ ಹಕ್ಕಿನ ಕಾರ್ಯಕರ್ತರೋ ಗಟ್ಟಿಯಾಗಿ ಹೇಳ್ಬೇಕು.

ಇಲ್ಲಿ ಬೇರೆ ಬೇರೆ ದೇಶದಿಂದ ಓದೋರಿದೀರಿ, ಅದಕ್ಕೆ ಇದನ್ನೂ ಹೇಳ್ಬಿಡ್ತೀನಿ, ಇವತ್ತಿಗೂ 60ಕ್ಕೂ ಹೆಚ್ಚು ದೇಶಗಳಲ್ಲಿ ಸಲಿಂಗ ಸಂಬಂಧವೇ ಅಪರಾಧ. ಅಂಥ ಕಡೆ ನೇರ ಸ್ಟೇಷನ್‌ಗೆ ಹೋದ್ರೆ ಸಂತ್ರಸ್ತನೇ ಆರೋಪಿ ಆಗ್ಬಿಡ್ತಾನೆ. ಅಲ್ಲಿ ಮೊದ್ಲು ವಕೀಲರು, ಆಮೇಲೆ ಉಳಿದಿದ್ದು.

---

ಬಿಟ್ಸ್_ಬೈಟ್ಸ್:

ಟೆಕ್ನಿಕಲ್ ವಿಷಯ ನಾನ್ ಹೇಳ್ತೀನಿ, ಈ ಥರ ಕೇಸುಗಳಲ್ಲಿ ಸಹಾಯ ಮಾಡಿ ಅಭ್ಯಾಸ ಇದೆ.

ಚಾಟ್ ಯಾವುದನ್ನೂ ಡಿಲೀಟ್ ಮಾಡ್ಬೇಡಿ, ಈಗಲೇ ಬ್ಲಾಕ್ ಕೂಡ ಬೇಡ, ಕೆಲವು ಆ್ಯಪ್‌ಗಳಲ್ಲಿ ಬ್ಲಾಕ್ ಮಾಡಿದ್ರೆ ಇಡೀ ಚಾಟೇ ಮಾಯ ಆಗುತ್ತೆ. ಬೆದರಿಕೆ ಮೆಸೇಜ್, ಅವನ ಪ್ರೊಫೈಲ್, ಯೂಸರ್‌ನೇಮ್, ಟಿಕೆಟ್ ಕಳಿಸಿದ್ದು, ತಾರೀಖು ಸಮಯ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತಗೊಳ್ಳಿ. ಆದ್ರೆ ಗಮನ ಇರ್ಲಿ, ಆ ಫೋಟೋಗಳನ್ನ ಮಾತ್ರ ನಿಮ್ಮ ಫೋನಿಗೆ ಕಾಪಿ ಮಾಡ್ಕೋಬೇಡಿ, ಯಾರಿಗೂ ಫಾರ್ವರ್ಡ್ ಮಾಡ್ಬೇಡಿ, ಸಾಕ್ಷಿ ಅಂತ ಕೂಡ ಬೇಡ. ಅಪ್ರಾಪ್ತರ ಅಂಥ ಫೋಟೋ ಇಟ್ಕೊಳ್ಳೋದೇ ಎಷ್ಟೋ ಕಡೆ ಅಪರಾಧ.

ದುಡ್ಡು ಕೇಳಿದ್ರೆ ಕೊಡ್ಬೇಡಿ, ಒಂದ್ಸಲ ಕೊಟ್ರೆ ಕೊಡ್ತಾರೆ ಅಂತ ಗೊತ್ತಾಗಿ ಮತ್ತೆ ಮತ್ತೆ ಕೇಳ್ತಾರೆ.

ಟೇಕ್ ಇಟ್ ಡೌನ್ ಅಂತ ಒಂದು ಉಚಿತ ಸೇವೆ ಇದೆ, ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ 2023ರಲ್ಲಿ ಶುರು ಮಾಡಿದ್ದು, ಬೇರೆ ದೇಶದವರೂ ಬಳಸ್ಬಹುದು, ಹೆಸರು ಹೇಳ್ಬೇಕಾಗಿಲ್ಲ. 18 ತುಂಬೋಕೆ ಮುಂಚೆ ತೆಗೆದ ಫೋಟೋಗಳಿಗೆ ಇದು. ಫೋಟೋ ನಿಮ್ಮ ಫೋನ್ ಬಿಟ್ಟು ಎಲ್ಲಿಗೂ ಹೋಗಲ್ಲ, ಫೋನಲ್ಲೇ ಆ ಫೋಟೋಗೆ ಬೆರಳಚ್ಚಿನ ಥರ ಒಂದು ಹ್ಯಾಶ್ ನಂಬರ್ ತಯಾರಾಗುತ್ತೆ, ಆ ನಂಬರ್ ಮಾತ್ರ ಹೋಗೋದು. ಒಪ್ಪಂದ ಇರೋ ಕಂಪನಿಗಳ ಆ್ಯಪ್‌ಗಳಲ್ಲಿ ಅದೇ ಫೋಟೋ ಹಾಕಿದ್ರೆ ಅವರು ಹಿಡಿದು ತೆಗೆಯೋಕಾಗುತ್ತೆ. ದೊಡ್ಡವರಿಗೆ ಇದೇ ಥರ ಸ್ಟಾಪ್ ಎನ್‌ಸಿಐಐ ಅಂತ ಇದೆ, 2021ರಿಂದ. ಎನ್‌ಕ್ರಿಪ್ಟ್ ಆದ (ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ನೋಡೋಕಾಗದ) ಖಾಸಗಿ ಮೆಸೇಜಲ್ಲಿ ಕಳಿಸಿದ್ರೆ ಇದು ತಡೆಯೋಕಾಗಲ್ಲ, ಆದ್ರೂ ಮಾಡಿ, ಹುಡುಗನಿಗೆ ಏನೋ ಒಂದು ನನ್ ಕೈಯಲ್ಲಿದೆ ಅನ್ನಿಸೋದೇ ದೊಡ್ಡದು.

ಆ ಎರಡನೇ ಫೋನ್ ಬಗ್ಗೆ ನಂಗೆ ಜಾಸ್ತಿ ಚಿಂತೆ. ಉಡುಗೊರೆ ಫೋನಲ್ಲಿ ಅವನ ಅಕೌಂಟೇ ಲಾಗಿನ್ ಆಗಿರ್ಬಹುದು, ಅಂದ್ರೆ ನಿಮ್ಮ ತಮ್ಮ ಎಲ್ಲಿದಾನೆ ಅಂತ ಅವನಿಗೆ ಕಾಣ್ತಿರುತ್ತೆ, ದೂರದಿಂದಲೇ ಎಲ್ಲ ಅಳಿಸಿಹಾಕೋಕೂ ಆಗುತ್ತೆ. ಪಾಸ್‌ವರ್ಡ್‌ಗಳನ್ನ ಬೇರೆ ಫೋನಿಂದ ಬದಲಾಯಿಸಿ. ಆ ಫೋನ್ ಇಟ್ಕೊಂಡು ಈ ಥ್ರೆಡ್ ಓದ್ಬೇಡಿ, ಸಹಾಯವಾಣಿಗೆ ಫೋನೂ ಮಾಡ್ಬೇಡಿ.

---

ನಿದ್ದೆಬಾರದ_ಅಕ್ಕ:

ಐದು ದಿನ ಆದ್ಮೇಲೆ ಬರ್ತಿದೀನಿ. ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ.

ಚಿಕ್ಕಮ್ಮನ ಹತ್ರ ಮೊದ್ಲು ಮಾತಾಡ್ದೆ. ಯಾಕೆ ಏನು ಅಂತ ಹೇಳ್ಲಿಲ್ಲ, ತಮ್ಮನಿಗೆ ಮನೇಲಿ ಇರೋಕಾಗದ ಪರಿಸ್ಥಿತಿ ಬಂದ್ರೆ ಇಟ್ಕೋತೀರಾ ಅಂದೆ. ಅವನ ಪುಸ್ತಕ ಇಡೋಕೆ ಕಪಾಟು ಖಾಲಿ ಮಾಡ್ತೀನಿ ಅಂದ್ರು, ಒಂದು ಪ್ರಶ್ನೆ ಕೇಳ್ಲಿಲ್ಲ. ಆಮೇಲೆ ರಾತ್ರಿ ಲೈಟ್ ಆರಿಸಿ ತಮ್ಮನ ಜೊತೆ ಮಾತಾಡ್ದೆ, ಮುಖ ಕಾಣದಿದ್ರೆ ಅವನಿಗೆ ಮಾತು ಬರುತ್ತೆ. ವಾರ್ಡನ್ ಸಾರ್ ಹೇಳಿದ ಮಾತನ್ನೇ ಹೇಳ್ದೆ. ಎಷ್ಟೋ ಹೊತ್ತು ಸುಮ್ನಿದ್ದ, ಆಮೇಲೆ "ಚಿಕ್ಕಮ್ಮ ನಿಜ ಹಂಗಂದ್ರಾ?" ಅಂತ ಮೂರು ಸಲ ಕೇಳ್ದ.

ಸಹಾಯವಾಣಿಗೆ ಅವನೇ ಮಾತಾಡಿದ, ನಾನು ಪಕ್ಕದಲ್ಲಿದ್ದೆ. ಟೇಕ್ ಇಟ್ ಡೌನ್ ಕೂಡ ಮಾಡಿದ್ವಿ, ಫೋಟೋ ಅವನೇ ಆರಿಸಿದ, ನಾನು ಗೋಡೆ ಕಡೆ ತಿರುಗಿ ಕೂತಿದ್ದೆ, ಆಯ್ತಕ್ಕಾ ಅಂದ್ಮೇಲೆ ತಿರುಗಿದೆ. ಟಿಕೆಟ್ ಇರೋ ದಿನ ಅವನನ್ನ ಚಿಕ್ಕಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ. ನಾಳೆ ಸಹಾಯವಾಣಿಯವರು ಗೊತ್ತುಮಾಡಿದ ವಕೀಲರನ್ನ ನೋಡೋದಿದೆ, ದೂರು ಕೊಡೋಕೆ ತಮ್ಮ ಒಪ್ಪಿದಾನೆ.

ಆದ್ರೆ ನಂಗೆ ಅರ್ಥ ಆಗದೇ ಇರೋದು ಒಂದಿದೆ. ನಿನ್ನೆ ರಾತ್ರಿ ಅಳ್ತಿದ್ದ. ಯಾಕೋ ಅಂದ್ರೆ "ಅವನಷ್ಟು ಯಾರೂ ನನ್ ಜೊತೆ ಮಾತಾಡಿಲ್ಲ ಅಕ್ಕಾ" ಅಂದ. ಇಷ್ಟೆಲ್ಲ ಮಾಡಿದವನ ನೆನಪು ಯಾಕೆ ಬರುತ್ತೆ ಅವನಿಗೆ? ನಾನೇನ್ ಹೇಳ್ಬೇಕು?

---

ಹೊಸಹೆಸರು:

ಬರುತ್ತಮ್ಮ. ನಂಗೂ ಆ ಹೆಂಗಸಿನ ಧ್ವನಿ ನೆನಪಾಗ್ತಿತ್ತು, ಆಚೆ ಬಂದು ವರ್ಷ ಆದ್ಮೇಲೂ. ಅವನು ಕೆಟ್ಟವನು, ಮರೆತುಬಿಡು ಅಂತ ಹೇಳ್ಬೇಡಿ, ಹೇಳಿದ್ರೆ ಮುಂದಿನ ಸಲ ನಿಮ್ಮಿಂದ ಮುಚ್ಚಿಟ್ಟು ಅಳ್ತಾನೆ. ಮಾತು ಬೇಕಿತ್ತು ಅವನಿಗೆ, ಆ ಆಸೆ ತಪ್ಪಲ್ಲ, ಅದನ್ನೇ ಹೇಳಿ. ಅವನ ವಯಸ್ಸಿನ ಕ್ವಿಯರ್ (ಎಲ್‌ಜಿಬಿಟಿಕ್ಯೂ) ಹುಡುಗ್ರು ಸೇರೋ ಗುಂಪಿದೆಯಾ ಅಂತ ಆ ಸಹಾಯವಾಣಿಯವರನ್ನೇ ಕೇಳಿ. ಸೇರಿಸೋಕೆ ಮುಂಚೆ ಒಂದ್ಸಲ ನೀವೂ ಹೋಗಿ ನೋಡಿ, ಒಬ್ಬರಿಗಿಂತ ಹೆಚ್ಚು ದೊಡ್ಡವರು ಇರ್ತಾರಾ, ದೊಡ್ಡವರು ಮಕ್ಕಳ ಜೊತೆ ಖಾಸಗಿಯಾಗಿ ಚಾಟ್ ಮಾಡಬಾರದು ಅನ್ನೋ ನಿಯಮ ಇದೆಯಾ ಅಂತ. ಇನ್ಮೇಲೆ ನಮ್ಮಂಥವರ ಜೊತೆ ಸೇರಲೇಬೇಡ ಅಂತ ಮಾತ್ರ ಕಟ್ಟಿಹಾಕ್ಬೇಡಿ, ನನ್ನನ್ನ ಉಳಿಸಿದ ಮನೆ ನಮ್ಮಂಥವರದ್ದೇ.

ಆ ಲೈಟ್ ಆರಿಸಿ ಮಾತಾಡೋದನ್ನ ನಿಲ್ಲಿಸ್ಬೇಡಿ.

---

ಬಿಟ್ಸ್_ಬೈಟ್ಸ್:

ನಾಳೆ ಹೋಗೋವಾಗ ಆ ಎರಡನೇ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈನೂ ಆಫ್ ಆಗಿದೆಯಾ ನೋಡ್ಕೊಳ್ಳಿ. ಚಾರ್ಜರ್, ಅದು ಬಂದ ಡಬ್ಬ, ಬಿಲ್ ಏನಿದ್ರೂ ಸಮೇತ ತಗೊಂಡು ಹೋಗಿ. ಡಬ್ಬದ ಮೇಲೆ ಐಎಂಇಐ ನಂಬರ್ (ಆ ಫೋನಿನ ಗುರುತಿನ ಸಂಖ್ಯೆ) ಇರುತ್ತೆ, ಯಾರು ಕೊಂಡಿದ್ದು ಅಂತ ಹುಡುಕೋಕೆ ಅದೇ ದಾರಿ.